ರಜಿಯಾ ಸೋತದ್ದು ಉರ್ದುವಿನಿಂದಲೇ?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಭಾಷೆಯ ಬಗ್ಗೆ ಮಾತಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಕೊಟ್ಟಿದ್ದರು. ಸಿನಿಮಾದ ಕಥೆ, ಪಾತ್ರ ಇವುಗಳನ್ನು ಹಿಡಿದು ಮಾತಾಡುತ್ತೇನೆ ಎಂದಾಗ ಫೋನಿನ ಆ ಕಡೆ ಒಂದು ಗಳಿಗೆ ಮೌನ. ಆಮೇಲೆ, "ಬೇಟಿ, ನಮ್ಮ ಸಭೆಯಲ್ಲಿ ಸಿನಿಮಾನಾ?" ಎಂದರು. ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ಸಿನಿಮಾ ನೋಡಿ ಎಂದು ಹೇಳಲು ನಾನು ಬಂದಿಲ್ಲ. ಮಕ್ಕಳು ನಾವು ಹೇಳದಿದ್ದರೂ ನೋಡುತ್ತಾರೆ, ಈಗಂತೂ ಅಂಗೈಯಲ್ಲೇ ನೋಡುತ್ತಾರೆ. ನಾನು ಮಾತಾಡಬೇಕೆಂದಿರುವುದು ಉರ್ದುವಿನ ಮೇಲೆ ಹೊರಿಸಿರುವ ಒಂದು ಆಪಾದನೆಯ ಬಗ್ಗೆ.

ಕಮಾಲ್ ಅಮ್ರೋಹಿಯವರ 'ರಜಿಯಾ ಸುಲ್ತಾನ್' 1983ರಲ್ಲಿ ತೆರೆ ಕಂಡಿತು. ಆ ಕಾಲದ ಬಹಳ ದುಬಾರಿ ಚಿತ್ರಗಳಲ್ಲಿ ಅದೂ ಒಂದು. ಹೇಮಾಮಾಲಿನಿ ರಜಿಯಾ, ಧರ್ಮೇಂದ್ರ ಹಬ್ಶಿ ಗುಲಾಮ ಯಾಕೂತ್, ಸಂಗೀತ ಖಯ್ಯಾಮರದು. ಹಾಡುಗಳು ಇಂದಿಗೂ ಜನರ ಬಾಯಲ್ಲಿವೆ, ಚಿತ್ರ ಮಾತ್ರ ನೆಲಕಚ್ಚಿತು. ಏಕೆ ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ: ಉರ್ದು ಬಹಳ ಕಷ್ಟವಾಗಿತ್ತು, ಜನಕ್ಕೆ ಅರ್ಥವಾಗಲಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲೂ ಈ ಮಾತು ಕೇಳಿದ್ದೇನೆ. ಮಗುವನ್ನು ಉರ್ದು ತರಗತಿಗೆ ಸೇರಿಸಲು ಹಿಂಜರಿಯುವ ತಾಯ್ತಂದೆಯರೂ ಇದೇ ಧಾಟಿಯಲ್ಲಿ ಹೇಳುತ್ತಾರೆ: ಕೇಳಲು ಚೆಂದ ಟೀಚರ್, ಆದರೆ ಯಾರಿಗೆ ತಿಳಿಯುತ್ತದೆ?

ಆ ಚಿತ್ರದ ಉರ್ದು ಸುಲಭವಾಗಿತ್ತು ಎಂದು ನಾನು ವಾದಿಸುವುದಿಲ್ಲ. ಪಾರಸಿ ಪದಗಳ ಭಾರ ನಿಜವಾಗಿಯೂ ಇದೆ. ನಮ್ಮ ಮನೆಗಳಲ್ಲಿ ಆಡುವುದು ದಖ್ಖನಿ. ದೆಹಲಿ, ಲಖನೌ ದರ್ಬಾರಿನ ಉರ್ದು ನಮ್ಮ ಮಕ್ಕಳಿಗೂ ಪರಭಾಷೆಯಷ್ಟೇ ದೂರ. ನಾನೂ ಬಿ.ಇಡಿ. ಓದುವಾಗ ಆ ಚಿತ್ರ ನೋಡುತ್ತ ಎರಡು ಮೂರು ಸಲ ಶಬ್ದಕೋಶ ತೆಗೆದವಳೇ. ಆದರೂ ಸೋಲಿನ ಹೊಣೆಯನ್ನೆಲ್ಲ ಭಾಷೆಯ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಏಕೆಂದರೆ ನಮ್ಮ ಕಣ್ಣೆದುರಿಗೆ 'ಮೊಘಲ್-ಎ-ಆಜಮ್' ಇದೆ.

ಕೆ. ಆಸಿಫರ ಈ ಚಿತ್ರ 1960ರ ಆಗಸ್ಟ್ 5ರಂದು ಬಿಡುಗಡೆಯಾಯಿತು. ಅಲ್ಲಿನ ಉರ್ದುವೂ ದರ್ಬಾರಿನದೇ, ಅದೂ ಪೃಥ್ವಿರಾಜ್ ಕಪೂರರ ಗುಡುಗಿನ ಕಂಠದಲ್ಲಿ. ಸಂಭಾಷಣೆ ಬರೆದವರು ನಾಲ್ವರು: ಅಮಾನ್, ವಜಾಹತ್ ಮಿರ್ಜಾ, ಎಹ್ಸಾನ್ ರಿಜ್ವಿ ಮತ್ತು ಕಮಾಲ್ ಅಮ್ರೋಹಿ. ಹೌದು, ಅದೇ ಅಮ್ರೋಹಿ! ಅಲ್ಲಿಯೂ ಅದೇ ಲೇಖನಿ, ಇಲ್ಲಿಯೂ ಅದೇ ಲೇಖನಿ. ಮೊದಲನೆಯದು ದೇಶದ ಉದ್ದಗಲಕ್ಕೂ ಓಡಿತು. 2004ರ ನವೆಂಬರಿನಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗಲೂ ಜನ ಥಿಯೇಟರಿಗೆ ಬಂದರು. ನಾನಾಗ ಹೈಸ್ಕೂಲು ಹುಡುಗಿ. ಮುಂದೆ ಅದು ಟಿವಿಯಲ್ಲಿ ಬಂದ ದಿನ ನಮ್ಮ ಪಕ್ಕದ ಮನೆಯ ಗೌರಮ್ಮಜ್ಜಿ ನಮ್ಮಲ್ಲಿಗೇ ಬಂದು ಕೂತಿದ್ದರು. ಅವರಿಗೆ ಉರ್ದುವಿನ ಗಂಧವಿಲ್ಲ. ಕೊನೆಯ ದೃಶ್ಯ ಮುಗಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡು, "ಪಾಪ, ಆ ಮುದುಕ ರಾಜನ ಗತಿ ನೋಡೇ" ಎಂದರು. ನಾವೆಲ್ಲ ಅನಾರ್ಕಲಿಗಾಗಿ ಅಳುತ್ತಿದ್ದೆವು, ಅಜ್ಜಿ ಅಕ್ಬರನಿಗಾಗಿ ಅತ್ತರು. ಚಿತ್ರ ನಮಗಿಂತ ಅವರಿಗೇ ಸರಿಯಾಗಿ ಅರ್ಥವಾಗಿತ್ತು ಎಂದು ಈಗ ಅನ್ನಿಸುತ್ತದೆ.

ಅಜ್ಜಿಗೆ ಭಾಷೆ ದಾಟಿ ಅದು ಹೇಗೆ ತಲುಪಿತು? ಕಥೆಯ ಕಟ್ಟಡವನ್ನೇ ನೋಡಿ. ಮೊದಲಲ್ಲಿ ಅಕ್ಬರ್ ಗಂಡು ಸಂತಾನಕ್ಕಾಗಿ ಸುಡುವ ಮರಳಿನಲ್ಲಿ ಬರಿಗಾಲಲ್ಲಿ ನಡೆದು ಸಲೀಂ ಚಿಶ್ತಿಯವರ ಬಳಿಗೆ ಹೋಗುತ್ತಾನೆ. ಇಡೀ ಹಿಂದೂಸ್ತಾನವೇ ತಲೆಬಾಗುವ ಮನುಷ್ಯನನ್ನು ಆಸಿಫ್ ನಮಗೆ ಮೊದಲು ತೋರಿಸುವುದು ಬೇಡುವವನಾಗಿ. ಮಗ ಹುಟ್ಟಿದ ಸುದ್ದಿ ತಂದ ದಾಸಿಗೆ ಅವನು ಸಂತೋಷದಲ್ಲಿ ಉಂಗುರ ಕೊಟ್ಟು, ಮುಂದೆ ಒಮ್ಮೆ ನೀನು ಕೇಳಿದ್ದನ್ನು ಕೊಡುತ್ತೇನೆ ಎಂದು ಮಾತು ಕೊಡುತ್ತಾನೆ. ನೋಡುವವರು ಅದನ್ನು ಮರೆತೇಬಿಡುತ್ತಾರೆ. ಎರಡು ಮೂರು ಗಂಟೆ ಕಳೆದ ಮೇಲೆ, ಅನಾರ್ಕಲಿಯನ್ನು ಜೀವಂತ ಗೋಡೆಯೊಳಗೆ ಮುಚ್ಚುವ ಹೊತ್ತಿಗೆ, ಆ ದಾಸಿ ಮುಂದೆ ಬಂದು ಹಳೆಯ ಮಾತನ್ನು ನೆನಪಿಸುತ್ತಾಳೆ. ಅವಳೇ ಅನಾರ್ಕಲಿಯ ತಾಯಿ. ಈಗ ಅಕ್ಬರ್ ಏನು ಮಾಡಬೇಕು? ಶಿಕ್ಷೆ ರದ್ದು ಮಾಡಿದರೆ ಬಾದಶಹನ ಮಾತು ಹೋಯಿತು, ಮಾಡದಿದ್ದರೆ ಮಗನನ್ನು ಬೇಡಿ ಪಡೆದ ತಂದೆಯ ಮಾತು ಹೋಯಿತು. ಗೋಡೆ ಕಟ್ಟಿಸಿ, ಸುರಂಗದ ಮೂಲಕ ತಾಯಿಮಗಳನ್ನು ಗುಟ್ಟಾಗಿ ಕಳುಹಿಸುತ್ತಾನೆ. ಅವಳು ಬದುಕಿರುವುದು ಸಲೀಮನಿಗೆ ಎಂದೂ ತಿಳಿಯಬಾರದು. ಮಗನ ಕಣ್ಣಿನಲ್ಲಿ ಅಕ್ಬರ್ ಕೊಲೆಗಾರನಾಗಿಯೇ ಉಳಿಯಬೇಕು.

ಅನಾರ್ಕಲಿ ಎಂಬವಳು ಇದ್ದಳೆನ್ನಲು ಇತಿಹಾಸದಲ್ಲಿ ಗಟ್ಟಿ ಆಧಾರವಿಲ್ಲ. ಇಮ್ತಿಯಾಜ್ ಅಲಿ ತಾಜ್ 1922ರಲ್ಲಿ ಬರೆದ ನಾಟಕದಿಂದ ಈ ದಂತಕಥೆ ಮನೆಮಾತಾಯಿತು. ಜನ ಹೇಳುತ್ತ ಬಂದ ಕಥೆಯಲ್ಲಿ ಅವಳು ಗೋಡೆಯೊಳಗೇ ಸಾಯುತ್ತಾಳೆ, ಅಕ್ಬರ್ ಕ್ರೂರಿ. ಆಸಿಫರ ತಂಡ ಆ ಸಾವನ್ನು ಬದಲಿಸಿತು. ಆ ಒಂದು ಬದಲಾವಣೆಯಿಂದ ಅನಾರ್ಕಲಿಯ ಜೀವ ಉಳಿದದ್ದಕ್ಕಿಂತ ಹೆಚ್ಚಾಗಿ ಅಕ್ಬರನಿಗೆ ಜೀವ ಬಂತು. ಇಕ್ಕಟ್ಟಿಗೆ ಸಿಕ್ಕ ತಂದೆ ಆಡುವ ಮಾತಿನಲ್ಲಿ ನಾಲ್ಕು ಪಾರಸಿ ಪದ ತಿಳಿಯದಿದ್ದರೆ ಏನಾಯಿತು? ಅಜ್ಜಿಗೆ ಅವನ ಮುಖದಲ್ಲೇ ಕಂಡಿತು.

ಇನ್ನು ರಜಿಯಾ. 1236ರಿಂದ 1240ರವರೆಗೆ ದೆಹಲಿಯನ್ನು ಆಳಿದ ಹೆಣ್ಣು. ಗಂಡುಮಕ್ಕಳಿದ್ದೂ ಇಲ್ತಮಶ್ ಮಗಳನ್ನೇ ಉತ್ತರಾಧಿಕಾರಿ ಎಂದ. ತುರ್ಕಿ ಸರದಾರರಿಗೆ ಅದು ನುಂಗಲಾರದ ತುತ್ತು. ಅವಳ ಕಾಲದವನೇ ಆದ ಇತಿಹಾಸಕಾರ ಮಿನ್ಹಾಜ್, ಅರಸನಿಗಿರಬೇಕಾದ ಗುಣಗಳೆಲ್ಲ ಇದ್ದರೂ ಗಂಡಾಗಿ ಹುಟ್ಟದ ಕಾರಣ ಅವು ಅವಳ ಪಾಲಿಗೆ ಕೆಲಸಕ್ಕೆ ಬರಲಿಲ್ಲ ಎಂಬರ್ಥದಲ್ಲಿ ಮರುಗುತ್ತಾನೆ. ಇಷ್ಟು ದೊಡ್ಡ ಸಂಘರ್ಷ ಕೈಯಲ್ಲಿದ್ದೂ ಅಮ್ರೋಹಿಯವರ ಮನಸ್ಸು ಹೋದದ್ದು ರಜಿಯಾ–ಯಾಕೂತರ ಪ್ರೇಮದ ಕಡೆಗೆ. ಆ ಪ್ರೇಮಕ್ಕೆ ಇತಿಹಾಸದ ಆಸರೆ ತೀರ ತೆಳು. ಅದೂ ಇರಲಿ, ಅನಾರ್ಕಲಿಗೂ ಆಧಾರವಿರಲಿಲ್ಲವಲ್ಲ! ನನ್ನ ದೂರು ಬೇರೆ. ರಜಿಯಾ ನಿಟ್ಟುಸಿರು ಬಿಡುವುದನ್ನು, ಅಲಂಕಾರದಲ್ಲಿ ಮಿಂಚುವುದನ್ನು ಬೇಕಾದಷ್ಟು ನೋಡುತ್ತೇವೆ. ಅವಳು ಆಳುವುದನ್ನು, ಎರಡು ದಾರಿಗಳ ನಡುವೆ ನಿಂತು ತೀರ್ಮಾನಿಸುವುದನ್ನು ನೋಡುವುದು ಕಡಿಮೆ. ಯಾಕೂತನಿಗೂ ಮೌನವಾಗಿ ನಿಲ್ಲುವುದರ ಆಚೆ ಹೆಚ್ಚು ಕೆಲಸವಿಲ್ಲ. ಪಾತ್ರ ಬೆಳೆಯದಿದ್ದಾಗ ನೋಡುವವನ ಕಿವಿ ಮಾತಿನ ಕಡೆಗೆ ತಿರುಗುತ್ತದೆ. ಆಗಲೇ ಒಂದೊಂದು ಪದವೂ ಕಲ್ಲಿನಂತೆ ತಾಗುವುದು. ಹನ್ನೊಂದು ವರ್ಷ ಹಿಂದೆ 'ಪಾಕೀಜಾ'ದಂಥ ಚಿತ್ರ ಕೊಟ್ಟ ಕೈಯೇ ಇದು ಎಂದು ನೆನೆದರೆ ಸಂಕಟವಾಗುತ್ತದೆ.

ಅರಮನೆ ಬಿಟ್ಟು ಒಂದು ಬಾಡಿಗೆ ಮನೆಗೂ ಹೋಗಿಬರೋಣ. ನಮ್ಮ ಮೈಸೂರಿನಲ್ಲಿ ಹುಟ್ಟಿದ ಎಂ.ಎಸ್. ಸತ್ಯು ಅವರ 1973ರ 'ಗರ್ಮ್ ಹವಾ'. ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ನಿನ ಸಣ್ಣ ಸಾಲದಲ್ಲಿ ಶುರುವಾದ ಚಿತ್ರ. ಸೆನ್ಸಾರಿನವರು ತಿಂಗಳುಗಟ್ಟಲೆ ತಡೆಹಿಡಿದ ಇದು ಮೊದಲು ತೆರೆ ಕಂಡದ್ದು ಬೆಂಗಳೂರಿನಲ್ಲಿ. ಇಸ್ಮತ್ ಚುಗ್ತಾಯಿ ಅವರ ಮೂಲ ಕಥೆಯ ನಾಯಕ ರೈಲ್ವೆ ನೌಕರ. ಚಿತ್ರಕಥೆ ಬರೆದ ಕೈಫಿ ಆಜ್ಮಿ ಮತ್ತು ಶಮಾ ಜೈದಿ ಅವನನ್ನು ಆಗ್ರಾದ ಚಪ್ಪಲಿ ಕಾರ್ಖಾನೆಯ ಮಾಲೀಕ ಸಲೀಂ ಮಿರ್ಜಾ ಮಾಡಿದರು. ಕಾನ್ಪುರದ ಪಾದರಕ್ಷೆ ಕೆಲಸಗಾರರ ಜೊತೆ ಒಡನಾಡಿದ್ದ ಕೈಫಿಯವರಿಗೆ ಆ ಕಸುಬು ಗೊತ್ತಿತ್ತು. ಕಸುಬು ಬದಲಾದದ್ದೇ ಕಥೆಗೆ ಬೇರು ಸಿಕ್ಕಿತು. ನೀನೂ ಪಾಕಿಸ್ತಾನಕ್ಕೆ ಹೋಗುವವನೇ ಎಂದು ಬ್ಯಾಂಕು ಸಾಲ ಕೊಡುವುದಿಲ್ಲ, ಹವೇಲಿ ಕೈಬಿಡುತ್ತದೆ, ಬಾಡಿಗೆಗೆ ಮನೆ ಸಿಗುವುದಿಲ್ಲ. ಹವೇಲಿ ಬಿಡಲು ಒಪ್ಪದ ಮುದಿ ತಾಯಿ ಸೌದೆ ಕೋಣೆಯಲ್ಲಿ ಅಡಗಿ ಕೂರುವ ದೃಶ್ಯವನ್ನು ನೋಡಿ ಎದೆ ಹಿಂಡದವರು ಯಾರು? ಬಲರಾಜ್ ಸಾಹ್ನಿ ಅವರ ಸಲೀಂ ಮಿರ್ಜಾ ಉದ್ದುದ್ದ ಭಾಷಣ ಮಾಡುವುದಿಲ್ಲ. ಆಡುವುದು ಮನೆಮಾತಿನ ಉರ್ದು. ಕೊನೆಗೆ ಅವನೂ ಸೋತು ಟಾಂಗಾ ಹತ್ತಿ ಸ್ಟೇಷನ್ನಿಗೆ ಹೊರಟು, ದಾರಿಯಲ್ಲಿ ಮೆರವಣಿಗೆ ಕಂಡು ಇಳಿಯುತ್ತಾನಲ್ಲ, ಆ ಇಳಿಯುವಿಕೆಗಾಗಿ ಚಿತ್ರ ಮೊದಲಿನಿಂದ ಅವನನ್ನು ತಯಾರು ಮಾಡುತ್ತ ಬಂದಿರುತ್ತದೆ.

ಇಷ್ಟೆಲ್ಲ ದೊಡ್ಡವರ ತಪ್ಪು ಎತ್ತಿ ಆಡಿದ ಮೇಲೆ ನನ್ನದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಶಾಲಾ ವಾರ್ಷಿಕೋತ್ಸವಕ್ಕೆ ನಾನೇ ಒಂದು ರಜಿಯಾ ನಾಟಕ ಬರೆದೆ. ಉರ್ದುವಿನ ವೈಭವ ತೋರಿಸಬೇಕೆಂಬ ಹಟ. ಒಂದು ಮಾತು ಮುಕ್ಕಾಲು ಪುಟ! ಒಂಬತ್ತನೇ ತರಗತಿಯ ಹುಡುಗಿ ಪಾಪ, ಎಲ್ಲವನ್ನೂ ಬಾಯಿಪಾಠ ಮಾಡಿದಳು. ರಿಹರ್ಸಲಿನಲ್ಲಿ ಒಮ್ಮೆ, "ಟೀಚರ್, ಇಲ್ಲಿ ರಜಿಯಾಗೆ ಸಿಟ್ಟಾ, ಅಳುವಾ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. "ಮೊದಲು ಉಚ್ಚಾರ ಸರಿ ಮಾಡಿಕೋ" ಎಂದು ಗದರಿದೆ. ನಾಟಕದ ದಿನ ಮೂರನೇ ದೃಶ್ಯಕ್ಕೆ ಅರ್ಧ ಕುರ್ಚಿ ಖಾಲಿ. ಉಳಿದವರು ಕಡಲೆಕಾಯಿ ಸುಲಿಯುತ್ತಿದ್ದರು. ಜನಕ್ಕೆ ಉರ್ದು ತಿಳಿಯುವುದಿಲ್ಲ ಎಂದು ನಾನೂ ಆ ರಾತ್ರಿ ಬೈದುಕೊಂಡೆ.

ಮರುವರ್ಷ ಹಟ ಬಿಟ್ಟು ಮತ್ತೆ ಬರೆದೆ. ಈ ಸಲ ಇಬ್ನ್ ಬತೂತಾ ಹೇಳುವ ಒಂದೇ ಒಂದು ಪ್ರಸಂಗ. ಅನ್ಯಾಯಕ್ಕೊಳಗಾದವರು ಬಣ್ಣದ ಬಟ್ಟೆ ಉಟ್ಟು ಬರಬೇಕು, ಗುರುತಿಸಿ ನ್ಯಾಯ ಕೊಡುತ್ತೇನೆ ಎಂದು ಇಲ್ತಮಶ್ ನಿಯಮ ಮಾಡಿದ್ದನಂತೆ, ಏಕೆಂದರೆ ಮಿಕ್ಕ ಜನ ಉಡುತ್ತಿದ್ದುದು ಬಿಳಿ. ತಂದೆ ಸತ್ತು, ಅಣ್ಣ ಗದ್ದುಗೆ ಏರಿ ಅನ್ಯಾಯ ಮಾಡಿದಾಗ, ಒಂದು ಶುಕ್ರವಾರ ರಜಿಯಾ ಅದೇ ಬಣ್ಣದ ಬಟ್ಟೆ ಉಟ್ಟು, ಮಸೀದಿಯ ಪಕ್ಕದ ಹಳೆಯ ಅರಮನೆಯ ಮೇಲೆ ನಿಂತು ಜನರ ಮುಂದೆ ದೂರು ಹೇಳಿದಳು. ಸುಲ್ತಾನನ ಮಗಳು ಫಿರ್ಯಾದಿಯಾಗಿ ನಿಂತಳು. ನಾಟಕದಲ್ಲಿ ಅವಳಿಗೆ ಕೊಟ್ಟದ್ದು ಒಟ್ಟು ಎಂಟು ಸಾಲು, ಅರ್ಧ ದಖ್ಖನಿಯಲ್ಲೇ.

ಅದೇ ಹುಡುಗಿ, ಈಗ ಹತ್ತನೇ ತರಗತಿ. ಈ ಸಲ ಸಿಟ್ಟೋ ಅಳುವೋ ಎಂದು ಕೇಳಲೇ ಇಲ್ಲ. "ಯಾವ ಬಣ್ಣ ಟೀಚರ್?" ಎಂದು ಮಾತ್ರ ಕೇಳಿ, ಮರುದಿನ ಮನೆಯಿಂದ ಅಮ್ಮನ ಕೆಂಪು ದುಪಟ್ಟಾ ತಂದಳು. ಅವಳು ಅದನ್ನು ಹೊದ್ದು ಬೆಂಚಿನ ಮೇಲೆ ಹತ್ತಿ ನಿಂತಾಗ, ಎದುರಿಗೆ ಕೂತಿದ್ದ ಎಂಟನೇ ತರಗತಿಯ ಗಲಾಟೆ ಹುಡುಗರು ತಮ್ಮಷ್ಟಕ್ಕೆ ತಾವೇ ಸುಮ್ಮನಾದರು. ಅವಳಿನ್ನೂ ಬಾಯಿ ತೆರೆದಿರಲಿಲ್ಲ.