ಸೈಟು ಮಾರುವ ಮೊದಲು ರಸ್ತೆ ಮಾಡಿ
(ಪಟ್ಟಣದ ಅಂಚಿನ ಹಳ್ಳಿಗಳ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಬೀಜ ಗೊಬ್ಬರದ ವಿಷಯ ಮಾತನಾಡಲು ಬಂದಿಲ್ಲ. ನಿಮ್ಮಲ್ಲಿ ಅನೇಕರ ಹೊಲದ ಬದುವಿನವರೆಗೆ ಪಟ್ಟಣ ಬಂದು ನಿಂತಿದೆ. ರಾಗಿ ಬೆಳೆದ ಹೊಲಕ್ಕೆ ದಲ್ಲಾಳಿ ಬಂದು, "ಯಜಮಾನರೇ, ಎಕರೆ ಲೆಕ್ಕ ಬಿಡಿ, ಸೈಟಿನ ಲೆಕ್ಕ ಹಾಕಿ" ಎನ್ನುತ್ತಾನೆ. ಮಾರುವುದು ಬಿಡುವುದು ನಿಮ್ಮ ಇಷ್ಟ. ಆದರೆ ಸೈಟು ಮಾಡುವುದೇ ಆದರೆ ಅದರ ರಸ್ತೆ, ಚರಂಡಿ, ನೀರು, ದೀಪಗಳ ಹೊಣೆ ಯಾರದು ಎಂಬುದನ್ನು ತಿಳಿದು ಮುಂದುವರಿಯಬೇಕು. ಅದನ್ನು ಹೇಳುವುದಕ್ಕಾಗಿ ಬಂದಿದ್ದೇನೆ.

ಅಣ್ಣತಮ್ಮಂದಿರು ಹೊಲ ಹಿಸ್ಸೆ ಮಾಡಿಕೊಳ್ಳುವಾಗ ಹಿರಿಯರು ಮೊದಲು ಏನು ನೋಡುತ್ತಾರೆ? ಹಿಂದಿನ ತುಂಡಿಗೆ ಬಂಡಿ ದಾರಿ ಎಲ್ಲಿ, ಬಾವಿಯ ನೀರು ಯಾವ ಕಾಲುವೆಯಲ್ಲಿ ಹೋಗಬೇಕು, ಮಳೆಯ ನೀರು ಎಲ್ಲಿ ಹರಿದು ಹಳ್ಳ ಸೇರಬೇಕು ಎಂದು ನೋಡುತ್ತಾರೆ. ಅದಾದ ಮೇಲೆ ಕಲ್ಲು ನೆಡುತ್ತಾರೆ. ಸೈಟಿನ ಮಾತೂ ಇಷ್ಟೇ. ಹೊಲದಲ್ಲಿ ದಾರಿ ತಪ್ಪಿದರೆ ಎರಡು ಮನೆಗಳಿಗೆ ಜಗಳ. ಬಡಾವಣೆಯಲ್ಲಿ ತಪ್ಪಿದರೆ ಇಪ್ಪತ್ತು ಮನೆಗಳಿಗೆ ತಲೆತಲಾಂತರದ ತೊಂದರೆ.

ಮೊದಲು ಒಂದು ಲೆಕ್ಕ ಮಾಡೋಣ. ಒಂದು ಎಕರೆ ಎಂದರೆ 40 ಗುಂಟೆ, 43,560 ಚದರ ಅಡಿ. ಮೂವತ್ತು ನಲವತ್ತರ ಸೈಟು 1,200 ಚದರ ಅಡಿ. ಭಾಗಿಸಿದರೆ 36 ಸೈಟು ಬರುತ್ತದೆ. ದಲ್ಲಾಳಿ ತೋರಿಸುವುದು ಈ ಲೆಕ್ಕವನ್ನು. ಆದರೆ ರಸ್ತೆಗೆ, ಉದ್ಯಾನಕ್ಕೆ, ಸಾರ್ವಜನಿಕ ಉಪಯೋಗಕ್ಕೆ ಜಾಗ ಬಿಡಲೇಬೇಕು. ಇವಕ್ಕೆ 100ಕ್ಕೆ 45 ಭಾಗ ಹೋಯಿತೆಂದು ಇಟ್ಟುಕೊಳ್ಳಿ. ಉಳಿಯುವುದು 24,000 ಚದರ ಅಡಿಯಷ್ಟು. ಅಂದರೆ ಸುಮಾರು 20 ಸೈಟು. ಜಲ್ಲಿ, ಡಾಂಬರು, ಪೈಪು, ಕಂಬಗಳ ಖರ್ಚು ಬರುವುದು ಈ 20 ಸೈಟುಗಳ ಹಣದಿಂದಲೇ. 36ರ ಆಸೆಗೆ ಬಿದ್ದವನು ಮಾಡುವ ಮೊದಲ ಕೆಲಸ ರಸ್ತೆಯನ್ನು ಕಿರಿದು ಮಾಡುವುದು. ಆ ಬಲೆಗೆ ಬೀಳಬೇಡಿ.

ಇನ್ನು ಕಾಗದಪತ್ರದ ಮಾತು. ವ್ಯವಸಾಯದ ಜಮೀನನ್ನು ಮನೆ ಕಟ್ಟುವುದಕ್ಕೆ ಉಪಯೋಗಿಸಬೇಕಾದರೆ 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಭೂಪರಿವರ್ತನೆ ಆಗಬೇಕು. ಅನೇಕರು ಇಲ್ಲಿಗೇ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಮುಗಿದಿಲ್ಲ. ಪರಿವರ್ತನೆಯಾದರೆ ಜಮೀನಿನ ಉಪಯೋಗ ಬದಲಾಯಿತು, ಅಷ್ಟೆ. ಅದನ್ನು ಸೈಟುಗಳಾಗಿ ತುಂಡು ಮಾಡಿ ಖಾಸಗಿ ರಸ್ತೆ ತೆಗೆಯಲು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ 17ನೆಯ ಕಲಮಿನಂತೆ ಯೋಜನಾ ಪ್ರಾಧಿಕಾರದಿಂದ ಬಡಾವಣೆಯ ನಕ್ಷೆಗೆ ಬೇರೆಯೇ ಮಂಜೂರಾತಿ ಬೇಕು. ರಸ್ತೆ ಎಷ್ಟು ಅಗಲ, ಉದ್ಯಾನ ಎಲ್ಲಿ ಎಂಬುದು ತೀರ್ಮಾನವಾಗುವುದು ಈ ನಕ್ಷೆಯಲ್ಲಿ.

ನಕ್ಷೆ ಮಂಜೂರಾಯಿತು. ಕೆಲಸ ಮಾಡುವವರು ಯಾರು? "ಪುರಸಭೆ ಇದೆಯಲ್ಲ, ಕಂದಾಯ ಕಟ್ಟಿದರೆ ರಸ್ತೆ ತಾನಾಗಿಯೇ ಬರುತ್ತದೆ" ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಇದು ತಪ್ಪು ತಿಳಿವಳಿಕೆ. ಬಡಾವಣೆ ಮಾಡಿದವನೇ ತನ್ನ ಖರ್ಚಿನಲ್ಲಿ ರಸ್ತೆ ಹಾಕಿಸಬೇಕು, ಚರಂಡಿ ಕಟ್ಟಿಸಬೇಕು, ನೀರಿನ ಪೈಪು ಮತ್ತು ಒಳಚರಂಡಿ ಹಾಕಿಸಬೇಕು. ವಿದ್ಯುತ್ ಕಂಬ, ತಂತಿ, ಬೇಕಾದರೆ ಟ್ರಾನ್ಸ್‌ಫಾರ್ಮರು, ಇವುಗಳ ವೆಚ್ಚವೂ ಅವನದೇ. ಕೆಲಸವಾದ ಮೇಲೆ ರಸ್ತೆ, ಚರಂಡಿ, ನೀರಿನ ಕೊಳವೆ, ಬಯಲು ಜಾಗ ಎಲ್ಲವನ್ನೂ ಪರಿಹಾರ ಕೇಳದೆ ಸ್ಥಳೀಯ ಸಂಸ್ಥೆಗೆ ಬರೆದುಕೊಡಬೇಕು. ಹಾಗೆ ಬರೆದುಕೊಟ್ಟು, ಅವರು ವಹಿಸಿಕೊಂಡ ಮೇಲೆ ಗುಂಡಿ ಮುಚ್ಚುವುದು, ದೀಪ ಉರಿಸುವುದು ಅವರ ಪಾಲಿಗೆ ಬರುತ್ತದೆ. ಅಲ್ಲಿಯವರೆಗೆ ಅದು ನಿಮ್ಮ ಪಾಲಿನ ಹೊಣೆ. ಆದುದರಿಂದ ಹಸ್ತಾಂತರದ ಪತ್ರವನ್ನು ಕ್ರಯಪತ್ರದಷ್ಟೇ ಜೋಪಾನವಾಗಿ ಇಟ್ಟುಕೊಳ್ಳಿ.

"ಇದೆಲ್ಲ ನನಗೇಕೆ? ಬಡಾವಣೆ ಮಾಡುವವನು ಬೇರೆ, ನಾನು ಜಮೀನು ಕೊಟ್ಟವನು ಮಾತ್ರ" ಎಂದು ನೀವು ಕೇಳಬಹುದು. ಈ ಮಾತನ್ನು ಗಮನವಿಟ್ಟು ಕೇಳಿ. 2016ರಲ್ಲಿ ರೇರಾ ಎಂಬ ಸ್ಥಿರಾಸ್ತಿ ಕಾಯಿದೆ ಬಂದಿದೆ. 500 ಚದರ ಮೀಟರಿಗೆ, ಅಂದರೆ ಸುಮಾರು 5 ಗುಂಟೆಗೆ ಮೀರಿದ ಜಮೀನಿನಲ್ಲಿ ಸೈಟು ಮಾಡಿ ಮಾರುವುದಾದರೆ ಜಾಹೀರಾತು ಕೊಡುವ ಮೊದಲೇ ಅದರಲ್ಲಿ ನೋಂದಾಯಿಸಬೇಕು. ಸೈಟು ಅಭಿವೃದ್ಧಿ ಮಾಡುವವನು ಒಬ್ಬ, ಮಾರುವವನು ಇನ್ನೊಬ್ಬ ಆಗಿದ್ದರೆ ಆ ಕಾಯಿದೆ ಇಬ್ಬರನ್ನೂ ಪ್ರವರ್ತಕರೆಂದೇ ಎಣಿಸುತ್ತದೆ. ಇಬ್ಬರಿಗೂ ಜಂಟಿ ಹೊಣೆ ಹೊರಿಸುತ್ತದೆ. ಸೈಟನ್ನು ವಶಕ್ಕೆ ಕೊಟ್ಟ ದಿನದಿಂದ 5 ವರ್ಷದೊಳಗೆ ಕೆಲಸದಲ್ಲಿ ಅಥವಾ ಸೌಕರ್ಯದಲ್ಲಿ ದೋಷ ಕಂಡು ತಿಳಿಸಿದರೆ, 30 ದಿನದೊಳಗೆ ಕೇಳಿದವರ ಖರ್ಚಿಲ್ಲದೆ ಸರಿಪಡಿಸಿ ಕೊಡಬೇಕು. ಕ್ರಯಪತ್ರಕ್ಕೆ ರುಜು ಮಾಡಿದವರು ನೀವು. ದಲ್ಲಾಳಿ ಕಮಿಷನ್ ತೆಗೆದುಕೊಂಡು ಬೇರೆ ಊರಿಗೆ ಹೋಗುತ್ತಾನೆ. ಜನ ಹುಡುಕಿಕೊಂಡು ಬರುವುದು ನಿಮ್ಮ ಮನೆ ಬಾಗಿಲಿಗೆ.

ಬರುವವರಾದರೂ ಯಾರು? ನಿಮ್ಮ ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರು, ಬಸ್ ಕಂಡಕ್ಟರು, ನಿಮ್ಮ ಬೀಗರು. ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ ಹಣ ತಂದು ನಿಮ್ಮ ಕೈಗೆ ಕೊಟ್ಟವರು. ಆಷಾಢದ ಮಳೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಬಸುರಿ ಹೆಂಗಸನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗುವಾಗ ಅವರ ಬಾಯಿಂದ ಬರುವುದು ಜಮೀನು ಕೊಟ್ಟವನ ಹೆಸರು.

ಮಂಜೂರಾತಿಯ ಗೊಡವೆಯೇ ಬೇಡವೆಂದು ಗುಂಟೆ ಲೆಕ್ಕದಲ್ಲಿ ರೆವಿನ್ಯೂ ಸೈಟು ಮಾರುವವರೂ ಇದ್ದಾರೆ. 2025ರ ಆರಂಭದಲ್ಲಿ ರಾಜ್ಯ ಸರ್ಕಾರ ಪಟ್ಟಣಗಳ ಅನಧಿಕೃತ ಬಡಾವಣೆಗಳ ಸ್ವತ್ತುಗಳಿಗೆ ಬಿ-ಖಾತಾ ಕೊಡುವ ಏರ್ಪಾಡು ಮಾಡಿತು. ಅದನ್ನು ತೋರಿಸಿ "ಎಲ್ಲವೂ ಸಕ್ರಮವಾಗುತ್ತದೆ" ಎನ್ನುವವರನ್ನು ನಂಬಬೇಡಿ. ಬಿ-ಖಾತಾ ಎಂಬುದು ತೆರಿಗೆ ವಸೂಲಿಯ ಲೆಕ್ಕ. ಅದರಿಂದಲೇ ಬಡಾವಣೆ ಸಕ್ರಮವಾಗದು. ಇಲ್ಲದ ರಸ್ತೆಯೂ ಹುಟ್ಟದು. ಮನೆಗಳೆದ್ದ ಮೇಲೆ ರಸ್ತೆ ಅಗಲ ಮಾಡಲು ಹೊರಡುವುದು ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಇನ್ನೊಂದು ಮಾತು. ನಿಮ್ಮ ಹೊಲ ಬಡಾವಣೆಯಾದರೂ ಹಿಂದಿನ ಹೊಲದವನು ಇನ್ನೂ ಉಳುತ್ತಿರುತ್ತಾನೆ. ಅವನ ಬಂಡಿ ದಾರಿಯನ್ನು ಸೈಟಿನೊಳಗೆ ಸೇರಿಸಬೇಡಿ. ಹಳ್ಳ, ರಾಜಕಾಲುವೆಗಳನ್ನು ಮುಚ್ಚಬೇಡಿ. ನೀರು ತನ್ನ ದಾರಿಯನ್ನು ಮರೆಯುವುದಿಲ್ಲ. ಮುಚ್ಚಿದ ಕಾಲುವೆಯ ಮೇಲಿನ ಮನೆಗೇ ಅದು ನುಗ್ಗುತ್ತದೆ.

ಆದುದರಿಂದ ಕರಾರಿಗೆ ರುಜು ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಯಾರು ತರುತ್ತಾರೆ? ರಸ್ತೆ, ಚರಂಡಿ, ನೀರು, ವಿದ್ಯುತ್ತು, ಒಂದೊಂದರ ಖರ್ಚು ಯಾರದು, ಯಾವ ತಾರೀಖಿನೊಳಗೆ? ಕೆಲಸ ನಿಂತುಹೋದರೆ ನನಗೆ ಭದ್ರತೆ ಏನು? ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಮಾಡುವವರು ಯಾರು? ನಾಲ್ಕಕ್ಕೂ ಉತ್ತರ ಬಾಯಿಮಾತಿನಲ್ಲಿ ಬೇಡ, ಕರಾರಿನಲ್ಲೇ ಬರೆದಿರಲಿ. ಓದಲು ಬಾರದವರು ಓದುಬಲ್ಲ ಮಕ್ಕಳಿಂದ ಓದಿಸಿ, ಒಬ್ಬ ವಕೀಲರಿಗೂ ತೋರಿಸಿ. ಉತ್ತರ ಸಿಗುವವರೆಗೆ ಹೊಲ ಹೊಲವಾಗಿಯೇ ಇರಲಿ. ಇನ್ನೊಂದು ಬೆಳೆ ರಾಗಿ ಬಂದರೆ ನಷ್ಟವೇನೂ ಇಲ್ಲ.

ನಿಮ್ಮ ಹಿರಿಯರು ಬಿಟ್ಟ ದಾರಿಯಲ್ಲಿ ನೀವು ಇಂದಿಗೂ ಓಡಾಡುತ್ತಿದ್ದೀರಿ. ನೀವು ಬಿಡುವ ದಾರಿಯಲ್ಲಿ ಓಡಾಡಬೇಕಾದವರು ಬರಲಿದ್ದಾರೆ. ಅವರನ್ನು ನೆನೆದು ಸೈಟಿಗೆ ಕಲ್ಲು ನೆಡಿ ಎಂದು ಹೇಳಿ ನನ್ನ ಮಾತು ಮುಗಿಸುತ್ತೇನೆ.