ಸೋಮಸೂತ್ರ ದಾಟದ ಸೈಕಲ್ಲು

ಭದ್ರಾ ಹಿನ್ನೀರಿಗೆ ಸೈಕಲ್ಲಿನಲ್ಲಿ ಒಂದು ಸುತ್ತು ಬರಬೇಕೆಂಬ ಆಸೆ ಬೆಂಗಳೂರು, ಶಿವಮೊಗ್ಗದ ಸವಾರರಿಗೆ ಆಗಾಗ ಹುಟ್ಟುತ್ತದೆ. ನಕ್ಷೆ ಬಿಡಿಸಿ ನೋಡಿದರೆ ಆಗದ ಕೆಲಸ ಅನ್ನಿಸುವುದೂ ಇಲ್ಲ. ಪಶ್ಚಿಮಕ್ಕೆ ಬಾಳೆಹೊನ್ನೂರು, ನರಸಿಂಹರಾಜಪುರ, ಮುತ್ತಿನಕೊಪ್ಪ, ಉಂಬ್ಳೆಬೈಲು. ಉತ್ತರದ ತುದಿಯಲ್ಲಿ ಅಣೆಕಟ್ಟಿನ ಊರುಗಳಾದ ಬಿಆರ್‌ಪಿ, ಲಕ್ಕವಳ್ಳಿ. ಪೂರ್ವಕ್ಕೆ ಬರೀ ಹಸಿರು. ಆ ಹಸಿರಿನಲ್ಲಿ ಒಂದು ಗೆರೆ ಎಳೆದರೆ ಸುತ್ತು ಕೂಡಿಬಿಡುತ್ತದೆ.

ಆ ಹಸಿರು ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಜಗಳ ಇರುವುದೇ ಅಲ್ಲಿ.

ಸೈಕಲ್ಲಿಗೆ ಹೊಗೆಯಿಲ್ಲ, ಸದ್ದಿಲ್ಲ, ಅರಣ್ಯ ಇಲಾಖೆ ಅನುಮತಿ ಕೊಟ್ಟರೆ ಏನು ಗಂಟು ಹೋಗುತ್ತದೆ ಎಂದು ಒಂದು ಪಕ್ಷ ಕೇಳುತ್ತದೆ. ಸುತ್ತು ಕೂಡಲೇಬೇಕೆಂಬ ಹಟವೇ ತಪ್ಪು ಎನ್ನುವುದು ಇನ್ನೊಂದು ಪಕ್ಷ. ಈ ಉಪನ್ಯಾಸಕಾರ ಎರಡನೆಯ ಪಕ್ಷದವನು. ಅವನ ವಾದಕ್ಕೆ ಆಧಾರ ಸಿಕ್ಕಿದ್ದು ಶಿವಾಲಯದಲ್ಲಿ.

ಇಲ್ಲಿ ಕುಳಿತವರಿಗೆ ಸೋಮಸೂತ್ರವನ್ನು ವಿವರಿಸಬೇಕಾಗಿಲ್ಲ. ಲಿಂಗಕ್ಕೆ ಎರೆದ ನೀರು ಗರ್ಭಗುಡಿಯ ಉತ್ತರದ ಗೋಡೆಯಿಂದ ಹೊರಬರುವ ದೋಣಿ ಅದು. ತಿಳಿದವರು ಅಲ್ಲಿಯವರೆಗೆ ಹೋಗಿ, ಅದನ್ನು ದಾಟದೆ ಬಂದ ದಾರಿಯಲ್ಲೇ ಮರಳುತ್ತಾರೆ. ಅರ್ಧಚಂದ್ರದಂಥ ಆ ನಡಿಗೆಯೂ ಪೂರ್ಣ ಪ್ರದಕ್ಷಿಣೆಯೇ. ಈಗ ಭದ್ರೆಯನ್ನು ನೋಡಿ. ಹೊಳೆ ಹರಿಯುವುದು ಉತ್ತರಕ್ಕೆ; ಅಣೆಕಟ್ಟು, ಎಂದರೆ ನೀರು ಹೊರಬೀಳುವ ಬಾಯಿ, ಇರುವುದೂ ಉತ್ತರಕ್ಕೆ. ಬಾಳೆಹೊನ್ನೂರಿನಿಂದ ಪಶ್ಚಿಮದ ದಡ ಹಿಡಿದು ಹೊರಟವನಿಗೆ ನೀರು ಬಲಗೈಗೆ ಸಿಗುತ್ತದೆ, ಪ್ರದಕ್ಷಿಣೆಗೆ ಹೇಗಿರಬೇಕೋ ಹಾಗೆ. ಅಣೆಕಟ್ಟಿನ ಹತ್ತಿರ ತಿರುಗಿ ಬಂದರೆ ಮುಗಿಯಿತು. ಹುಲಿಯ ಕಾಡಿಗೆ ಕಾಲಿಡುವ ಪ್ರಸಂಗವೇ ಬರುವುದಿಲ್ಲ.

ಇದಕ್ಕೊಂದು ರಸ್ತೆ ನಿಯಮದ ಲಾಭವೂ ಉಂಟು. ನಮ್ಮಲ್ಲಿ ವಾಹನ ಓಡುವುದು ಎಡಕ್ಕೆ. ಹೋಗುವಾಗ ಸವಾರನಿಗೂ ನೀರಿಗೂ ನಡುವೆ ಇಡೀ ರಸ್ತೆ ಇರುತ್ತದೆ. ಎದುರಿಂದ ಬರುವ ಬಸ್ಸು ನೋಟವನ್ನು ಆಗಾಗ ಮರೆಮಾಡುತ್ತದೆ. ಮರಳುವಾಗ ನೀರು ಎಡಕ್ಕೆ, ಅಂಚಿನಲ್ಲೇ. ಪೂರ್ತಿ ಸುತ್ತಿದವನಿಗೆ ಒಂದೇ ಮಗ್ಗುಲು ಕಾಣುತ್ತದೆ, ಅರ್ಧ ಸುತ್ತಿ ಮರಳಿದವನಿಗೆ ಎರಡೂ ಕಾಣುತ್ತವೆ. ಇದನ್ನು ಕಂಡುಹಿಡಿದ ಹೆಮ್ಮೆ ಉಪನ್ಯಾಸಕಾರನಿಗೆ ಸ್ವಲ್ಪ ಜಾಸ್ತಿಯೇ ಇದೆ, ಕೇಳುಗರು ಸಹಿಸಿಕೊಳ್ಳಬೇಕು.

ಇತಿಹಾಸ ಎರಡು ಮಾತಿನಲ್ಲಿ ಮುಗಿಯಲಿ. ನರಸಿಂಹರಾಜಪುರ ಮೊದಲು ಎಡೇಹಳ್ಳಿಯಾಗಿತ್ತು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಬಂದದ್ದು ಆಮೇಲೆ. ತರೀಕೆರೆಯಿಂದ ಅಲ್ಲಿಗೆ ಎರಡಡಿ ಅಗಲದ ಹಳಿಯ ಪುಟ್ಟ ರೈಲು ಬರುತ್ತಿತ್ತು. 1960ರ ದಶಕದಲ್ಲಿ ಅಣೆಕಟ್ಟು ಪೂರ್ತಿಯಾಗಿ 71.5 ಟಿಎಂಸಿ ಅಡಿ ನೀರು ನಿಲ್ಲತೊಡಗಿದ ಮೇಲೆ ಊರಿನ ಮುಖವೇ ತಿರುಗಿತು. ತರೀಕೆರೆಯ ಕಡೆಗಿದ್ದ ಪೇಟೆ ಕೊಪ್ಪ, ಶಿವಮೊಗ್ಗಗಳ ಕಡೆ ನೋಡಬೇಕಾಯಿತು. ಊರಿಗೆ ಅಂಟಿಕೊಂಡಿರುವ ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿ ಮಾತ್ರ ಈ ಯಾವ ಗಡಿಬಿಡಿಗೂ ಸಿಗದೆ ತನ್ನ ಪಾಡಿಗೆ ನಿಂತಿದೆ.

ಹೊರಡುವುದಕ್ಕೆ ಶೆಟ್ಟಿಕೊಪ್ಪಕ್ಕಿಂತ ಒಳ್ಳೆಯ ಜಾಗ ಇಲ್ಲ. ಕೊಪ್ಪ–ನರಸಿಂಹರಾಜಪುರ ರಸ್ತೆಯ ಈ ಊರಿನಿಂದ ಒಂದು ಕಡೆ ತುಂಗೆಯ ಸೀಮೆ, ಇನ್ನೊಂದು ಕಡೆ ಭದ್ರೆಯದು. ಹಿನ್ನೀರಿನ ತುಂಬು ಮಟ್ಟ ಸಮುದ್ರದಿಂದ ಸುಮಾರು 658 ಮೀಟರ್ ಎತ್ತರ, ಕೊಪ್ಪ ಸುಮಾರು 760. ಲೆಕ್ಕದಲ್ಲಿ ವ್ಯತ್ಯಾಸ ನೂರೇ ಮೀಟರ್, ಬಯಲುಸೀಮೆಯ ಸವಾರ ಮೋಸ ಹೋಗುವುದು ಇಲ್ಲಿಯೇ. ಮಲೆನಾಡಿನ ರಸ್ತೆ ಒಂದೇ ಸಮನೆ ಏರುವುದಿಲ್ಲ. ಪ್ರತಿ ಹಳ್ಳಕ್ಕೂ ಇಳಿಯುತ್ತದೆ, ಮೋರಿ ದಾಟುತ್ತದೆ, ಇಳಿದಷ್ಟನ್ನೂ ಬಡ್ಡಿ ಸಮೇತ ಏರುತ್ತದೆ. ಮೋರಿಯ ಹತ್ತಿರವೇ ತಿರುವು, ತಿರುವಿನಲ್ಲಿ ಧರೆಯಿಂದ ಜಾರಿ ಬಂದ ಜಂಬಿಟ್ಟಿಗೆ ಹರಳು, ಅದರ ಮೇಲೆ ಕೊಳೆತ ಎಲೆ. ಇಳಿಜಾರಿನ ವೇಗದಲ್ಲೇ ಮುಂದಿನ ಏರು ಹತ್ತಬೇಕೆಂದುಕೊಂಡವನು ಅಲ್ಲಿ ಬ್ರೇಕು ಹಿಡಿಯಲೇಬೇಕಾಗುತ್ತದೆ. ಒದ್ದೆ ರಿಮ್ಮಿಗೆ ಬ್ರೇಕು ಹಿಡಿಯುವುದು ಎರಡು ಸುತ್ತು ತಡವಾಗಿ. ಡಿಸ್ಕ್ ಬ್ರೇಕಿನವರು ಬಚಾವು.

ಈ ಏರಿಳಿತವನ್ನು ಅರ್ಥ ಮಾಡಿಸಿದ್ದು ಉಪನ್ಯಾಸಕಾರನಿಗೆ ಭೂಗೋಳ ಕಲಿಸಿದ ಹೈಸ್ಕೂಲು ಮೇಷ್ಟ್ರು. ಅವರದು ಗೇರಿಲ್ಲದ ಕರಿಯ ಸೈಕಲ್ಲು. ಉತ್ತರ ಪತ್ರಿಕೆಯ ಕಟ್ಟು ಕ್ಯಾರಿಯರಿನಲ್ಲಿ, ಕೊಡೆ ಹ್ಯಾಂಡಲಿನಲ್ಲಿ. ಏರು ಬಂದರೆ ಇಳಿದು ತಳ್ಳುತ್ತಿದ್ದರು, ಅದರಲ್ಲಿ ಅವರಿಗೆ ಯಾವ ಅವಮಾನವೂ ಕಾಣುತ್ತಿರಲಿಲ್ಲ. ಸಮೋನ್ನತ ರೇಖೆಗಳ ಪಾಠದ ದಿನ ಬೋರ್ಡಿನ ಮೇಲೆ ಗೆರೆ ಎಳೆದು, ತಾವು ಎಲ್ಲೆಲ್ಲಿ ಇಳಿಯುತ್ತೇವೆಂದು ಚಾಕ್‌ಪೀಸಿನಲ್ಲಿ ಚುಕ್ಕಿ ಇಟ್ಟರು. ಗೆರೆಗಳು ಒತ್ತಾಗಿದ್ದಲ್ಲೆಲ್ಲ ಚುಕ್ಕಿ. ನಕ್ಷೆ ಓದುವುದು ತರಗತಿಯ ಅರ್ಧ ಮಕ್ಕಳಿಗೆ ಅಂದೇ ಬಂತು. 2006-07ರಲ್ಲಿ ಎಂಟನೇ ತರಗತಿಯ ಉಚಿತ ಸೈಕಲ್ ಯೋಜನೆ ಶುರುವಾದಾಗ ಮಲೆನಾಡಿನ ಮಕ್ಕಳಿಗೂ ಬಂದದ್ದು ಅಂಥದೇ ಗೇರಿಲ್ಲದ ಸೈಕಲ್ಲು. ವಿಜಯಪುರದ ಬಯಲಿಗೂ ಕೊಪ್ಪದ ಏರಿಗೂ ಒಂದೇ ಮಾದರಿ! ಮಕ್ಕಳು ಮೇಷ್ಟ್ರ ಹಾಗೆಯೇ ತಳ್ಳಿಕೊಂಡು ಹೋದರು.

ಮಾತು ಎಲ್ಲಿಗೋ ಹೋಯಿತು. ಶೆಟ್ಟಿಕೊಪ್ಪದಿಂದ ಮೊದಲು ಕೊಪ್ಪ, ಅಲ್ಲಿಂದ ಬಾಳೆಹೊನ್ನೂರು. ರಂಭಾಪುರಿ ಪೀಠದ ಈ ಊರಿನಲ್ಲಿ ಭದ್ರೆ ಇನ್ನೂ ಹೊಳೆಯಾಗಿಯೇ ಇರುತ್ತಾಳೆ. ಅಲ್ಲಿಂದ ನರಸಿಂಹರಾಜಪುರಕ್ಕೆ ಸುಮಾರು 20 ಕಿ.ಮೀ., ಹೆಚ್ಚಿನದೆಲ್ಲ ಅಡಿಕೆ, ಕಾಫಿ ತೋಟದ ನೆರಳು. ಮುಂದೆ ಮುತ್ತಿನಕೊಪ್ಪ, ಉಂಬ್ಳೆಬೈಲು ಹಾದು ಶಂಕರಘಟ್ಟ, ಬಿಆರ್‌ಪಿ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಕುವೆಂಪು ಹುಟ್ಟಿದ ಹಿರೇಕೊಡಿಗೆ ಕೊಪ್ಪ ತಾಲ್ಲೂಕಿನದು, 1904ರ ಡಿಸೆಂಬರ್ 29. ಕವಿ ಹುಟ್ಟಿದ ತಾಲ್ಲೂಕಿನಿಂದ ಅವರ ಹೆಸರಿನ ವಿಶ್ವವಿದ್ಯಾಲಯದವರೆಗೆ ಸೈಕಲ್ ತುಳಿಯುವುದು ಅಷ್ಟೇನೂ ಕೆಟ್ಟ ದಾರಿಯಲ್ಲ. ಶೃಂಗೇರಿಯ ವಿದ್ಯಾಶಂಕರ ಗುಡಿ ನೋಡುವ ಆಸೆಯಿದ್ದವರು ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಲಿ. ಅದು ತುಂಗೆಯ ದಡ, ಬೇರೆಯೇ ಸವಾರಿ.

ತರೀಕೆರೆ, ಚಿಕ್ಕಮಗಳೂರು, ಆಲ್ದೂರುಗಳ ಮೇಲೆ ಬಾಳೆಹೊನ್ನೂರಿಗೆ ಬಂದರೆ ಸುತ್ತು ಕೂಡುತ್ತದಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೂಡುತ್ತದೆ. ಆದರೆ ಅದು ಹೊಳೆಯನ್ನು ಬಿಟ್ಟು ಬಾಬಾಬುಡನ್ ಗಿರಿಯನ್ನೂ ಒಳಗೊಂಡ ರಥಬೀದಿಯ ಸುತ್ತು. ಗರ್ಭಗುಡಿಯದಲ್ಲ.

ಕಾಡಿನ ಕಡೆ ಯಾಕೆ ಹೋಗಬಾರದು ಎಂಬುದಕ್ಕೆ ಶಾಸ್ತ್ರಕ್ಕಿಂತ ಗಟ್ಟಿಯಾದ ಕಾರಣವಿದೆ. 1998ರಲ್ಲಿ ಭದ್ರಾ ಹುಲಿ ಯೋಜನೆಗೆ ಸೇರಿತು. ಅದಾದ ಕೆಲವೇ ವರ್ಷಗಳಲ್ಲಿ ಒಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಗದ್ದೆ, ಮನೆ, ದೈವದ ಕಲ್ಲು ಎಲ್ಲ ಬಿಟ್ಟು ಎಂ.ಸಿ.ಹಳ್ಳಿ, ಕೆಳಗೂರುಗಳಿಗೆ ಬಂದವು. ದೇಶದಲ್ಲೇ ಚೆನ್ನಾಗಿ ನಡೆದ ಪುನರ್ವಸತಿ ಎಂದು ಅದನ್ನು ಹೊಗಳುತ್ತಾರೆ. ಹೊಗಳಿಕೆಗೆ ಅರ್ಹವೂ ಹೌದು. ತಲೆತಲಾಂತರದಿಂದ ಉಂಡು ಮಲಗಿದ ಜಾಗವನ್ನು ಕಾಡಿಗೆಂದು ಜನ ಬಿಟ್ಟುಕೊಟ್ಟ ಮೇಲೆ, ಅದೇ ಜಾಗಕ್ಕೆ ಭಾನುವಾರದ ಸವಾರ ಹೆಲ್ಮೆಟ್ ಹಾಕಿಕೊಂಡು ಹೋಗುತ್ತೇನೆ ಎನ್ನುವುದು ಯಾವ ನ್ಯಾಯ? ಬೇಸಿಗೆಯಲ್ಲಿ ನೀರು ಇಳಿದಾಗ ಎದ್ದುಕೊಳ್ಳುವ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಬರಿ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಅವನ್ನು ಲಕ್ಕವಳ್ಳಿಯ ದೋಣಿಯಿಂದ ದೂರವಿದ್ದು ನೋಡಿದರೆ ಸಾಕು.

ಇಲ್ಲಿಯವರೆಗೆ ವಾದ ನೇರವಾಗಿದೆ. ತೊಡಕು ಬರುವುದು ಉಂಬ್ಳೆಬೈಲಿನ ದಾರಿಯಲ್ಲಿ. ಅದೂ ಕಾಡಿನ ದಾರಿಯೇ. ಭದ್ರಾ ಕಾಡಿನ ಆನೆಗಳು ಈಚಿನ ವರ್ಷಗಳಲ್ಲಿ ನರಸಿಂಹರಾಜಪುರ ತಾಲ್ಲೂಕಿನ ತೋಟಗಳಿಗೆ ಬರುತ್ತಿವೆ, ಜನರ ಜೀವ ಹೋಗಿದೆ. ಆನೆ ಪಶ್ಚಿಮಕ್ಕೆ ಬಂದ ಮೇಲೆ ಸೋಮಸೂತ್ರದ ಗೆರೆ ಇರುವುದಾದರೂ ಎಲ್ಲಿ? ಪೂರ್ವದ ದಡದ ಕಾಡಿಗೆ ಒಂದು ನೀತಿ, ಪಶ್ಚಿಮದ ಡಾಂಬರು ರಸ್ತೆಗೆ ಇನ್ನೊಂದು ಎಂದರೆ ಅದು ತತ್ವವೋ, ಅನುಕೂಲವೋ? ದಿನಾ ಅದೇ ರಸ್ತೆಯಲ್ಲಿ ಕೆಲಸಕ್ಕೆ ಹೋಗುವವನಿಗೆ ಬೇರೆ ದಾರಿಯಿಲ್ಲ; ಶೋಕಿಗೆ ಬಂದವನಿಗೆ ಇದೆ. ಹಾಗಾದರೆ ಮುತ್ತಿನಕೊಪ್ಪದಲ್ಲೇ ತಿರುಗಬೇಕೆ? ತಿರುಗಿದರೆ ಅಣೆಕಟ್ಟು ಸಿಗುವುದಿಲ್ಲ, ಉಪನ್ಯಾಸಕಾರನ ಅರ್ಧಚಂದ್ರವೂ ಕೂಡುವುದಿಲ್ಲ. ಇದಕ್ಕೆ ಅವನ ಹತ್ತಿರ ಉತ್ತರವಿಲ್ಲ. ಸಭೆಯಲ್ಲಿ ಇದ್ದವರು ಕೊಟ್ಟರೆ ಒಪ್ಪಿಕೊಳ್ಳುತ್ತಾನೆ.

ಅಲ್ಲಿಯವರೆಗೆ ಹೊರಡುವವರಿಗೆ ಇಷ್ಟು ಮಾತು. ಮಳೆ ಬಿಟ್ಟ ಮೇಲೆ, ನವೆಂಬರ್, ಡಿಸೆಂಬರಿನಲ್ಲಿ ಹೋಗಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಆಗಲೂ ಕಾಣಿಸಿಕೊಳ್ಳಬಹುದು, ಜನವರಿಯಿಂದ ಮಳೆಗಾಲದವರೆಗೆ ಅದು ಇನ್ನೂ ಜೋರು. ಹುಲ್ಲಿನಲ್ಲಿ ಸೈಕಲ್ ಮಲಗಿಸಿ ಪಕ್ಕದಲ್ಲಿ ನೀವೂ ಮಲಗಬೇಡಿ, ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ಮನೆಗೆ ಹೋದ ಕೂಡಲೇ ಬಿಸಿನೀರು ಸ್ನಾನ ಮಾಡಿ ಉಣುಗು ಹುಡುಕಿ. ಮುತ್ತಿನಕೊಪ್ಪ ದಾಟುವ ಮೊದಲು ಅಂದು ಆನೆ ಎಲ್ಲಿದೆ ಎಂದು ಅಂಗಡಿಯವರನ್ನು ಕೇಳಿ. ಮುಂದಿನ ದಾರಿಯಲ್ಲಿದೆ ಎಂದರೆ ಅಲ್ಲೇ ತಿರುಗಿ.