ಹೊಟ್ಟು ಉರುವಲಾಗಲಿ, ಮೇವು ಮೇವಾಗಿಯೇ ಉಳಿಯಲಿ

(ಹಂಪಸಾಗರದ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿ ಮಾಡಿದ ಭಾಷಣ)



ದನದ ಡಾಕ್ಟರಿಗೆ ಮರದ ಹೊಟ್ಟಿನ ಉಸಾಬರಿ ಏಕೆ ಎಂದು ನಿಮಗೆ ಅನಿಸಬಹುದು. ಕಾರಣವಿದೆ. ಸುಗ್ಗಿ ಮುಗಿಯುತ್ತಿದ್ದಂತೆ ಹೊಲದ ಬದುವಿಗೆ ಲಾರಿ ತಂದು, "ಹೊಟ್ಟು ಕೊಡ್ತೀರೇನು, ಸೊಪ್ಪಿ ಕೊಡ್ತೀರೇನು" ಎಂದು ಕೇಳುವವರು ಬರುತ್ತಾರೆ. ಅದು ಹೋಗುವುದು ಬ್ರಿಕೆಟ್ ಕಾರ್ಖಾನೆಗೆ. ಯಾವುದನ್ನು ಕೊಡಬೇಕು, ಯಾವುದನ್ನು ಕೊಡಬಾರದು ಎಂಬ ಪ್ರಶ್ನೆ ಕೊನೆಗೆ ನಿಮ್ಮ ಗೋದಲಿಗೇ ಬಂದು ನಿಲ್ಲುತ್ತದೆ.

ಬ್ರಿಕೆಟ್ ಎಂದರೇನು? ಇಲ್ಲಿರುವ ಹಿರಿಯರಿಗೆ ಹೊಟ್ಟಿನ ಒಲೆ ಗೊತ್ತು. ತಗಡಿನ ಡಬ್ಬಿಯ ನಡುವೆ ಬಾಟ್ಲಿ ನಿಲ್ಲಿಸಿ, ಸುತ್ತಲೂ ಹೊಟ್ಟನ್ನು ಬಡಿದು ಬಡಿದು ತುಂಬಿ, ಬಾಟ್ಲಿ ಎಳೆದುಬಿಟ್ಟರೆ ನಡುವೆ ತೂತು ಉಳಿಯುತ್ತದೆ. ತಳದಿಂದ ಬೆಂಕಿ ಕೊಟ್ಟರೆ ಗಂಟೆಗಟ್ಟಲೆ ಒಂದೇ ಸಮ ಉರಿಯುತ್ತದೆ. ಸಡಿಲಾಗಿ ತುಂಬಿದರೆ ಕುಸಿದು ಬಿದ್ದು ಮನೆ ತುಂಬ ಹೊಗೆ. ಗಟ್ಟಿ ತುಂಬಿದಷ್ಟೂ ಉರಿ ಒಳ್ಳೆಯದು ಎಂಬ ಆ ಅಡುಗೆಮನೆಯ ತಿಳಿವಳಿಕೆಯನ್ನೇ ಯಂತ್ರ ಮಾಡುತ್ತದೆ. ಒಣಗಿದ ಹೊಟ್ಟನ್ನು ಉಕ್ಕಿನ ಅಚ್ಚಿನೊಳಗೆ ದೊಡ್ಡ ಪಿಸ್ಟನ್ ಬಡಿಯುತ್ತದೆ. ಒತ್ತಡಕ್ಕೆ ಕಾವು ಹುಟ್ಟಿ, ಕಟ್ಟಿಗೆಯಲ್ಲೇ ಇರುವ ಲಿಗ್ನಿನ್ ಎಂಬ ಅಂಶ ಮೆತ್ತಗಾಗಿ ಅಂಟಿನಂತೆ ಹಿಡಿಯುತ್ತದೆ. ಬೇರೆ ಅಂಟು, ಸಗಣಿ, ಮಣ್ಣು ಯಾವುದೂ ಬೇಡ. ಕೈ ಮಣಿಕಟ್ಟಿಗಿಂತ ದಪ್ಪನೆಯ ತುಂಡುಗಳು ಹೊರಬೀಳುತ್ತವೆ. ವ್ಯಾಪಾರದಲ್ಲಿ ಇದಕ್ಕೆ ಬಿಳಿ ಕಲ್ಲಿದ್ದಲು ಎನ್ನುತ್ತಾರೆ.

ಒಂದು ಕಿಲೋ ಒಳ್ಳೆಯ ಬ್ರಿಕೆಟ್ಟಿನಲ್ಲಿ ಸುಮಾರು 4,000 ಕಿಲೋ ಕ್ಯಾಲೊರಿ ಶಾಖವಿದೆ. ಬಾಯ್ಲರಿಗೆ ಹಾಕುವ ಫರ್ನೇಸ್ ಎಣ್ಣೆಯಲ್ಲಿ ಸುಮಾರು 10,000. ಅಂದರೆ ಎರಡೂವರೆಯಿಂದ ಮೂರು ಕಿಲೋ ಬ್ರಿಕೆಟ್ ಒಂದು ಕಿಲೋ ಎಣ್ಣೆಯ ಕೆಲಸ ಮಾಡುತ್ತದೆ. ಮರದ ಹೊಟ್ಟಿನಲ್ಲಿ ಬೂದಿ ಬಹಳ ಕಡಿಮೆ. ಭತ್ತದ ಹೊಟ್ಟಿನಲ್ಲಾದರೆ ನೂರಕ್ಕೆ ಇಪ್ಪತ್ತರ ಹತ್ತಿರ ಬೂದಿಯೇ. ಹಬೆ, ಬಿಸಿನೀರು ಬೇಕಾದ ಸಣ್ಣ ಕೈಗಾರಿಕೆಗಳು ಇದನ್ನು ಕೊಳ್ಳುವುದು ಇದಕ್ಕಾಗಿ. ನೀವು ಕೊಟ್ಟ ಹಾಲನ್ನು 72 ಡಿಗ್ರಿಗೆ 15 ಸೆಕೆಂಡು ಕಾಯಿಸಿ ಪಾಶ್ಚರೀಕರಿಸಬೇಕಾದರೂ ಹಬೆ ಬೇಕು. ದೇಶದ ಹಲವು ಡೇರಿಗಳ ಬಾಯ್ಲರುಗಳಲ್ಲಿ ಈಗ ಉರಿಯುತ್ತಿರುವುದು ಬ್ರಿಕೆಟ್ಟೇ.

ಹಾಗಾದರೆ ನಮ್ಮ ಸಂಘವೇ ಒಂದು ಯಂತ್ರ ಹಾಕಿಬಿಡಬಾರದೇಕೆ ಎಂದು ಯುವಕರು ಕೇಳುತ್ತಾರೆ. ಆಸೆ ಒಳ್ಳೆಯದು, ಲೆಕ್ಕ ಮೊದಲು. ಗಂಟೆಗೆ 500 ಕಿಲೋ ಹೊಡೆಯುವ ಯಂತ್ರ ದಿನಕ್ಕೆ 16 ಗಂಟೆ ಓಡಿದರೆ 8 ಟನ್ ಒಣ ಹೊಟ್ಟು ತಿನ್ನುತ್ತದೆ. ಒಂದು ಟನ್ನಿಗೆ ಸುಮಾರು 50 ಯೂನಿಟ್ ಕರೆಂಟು ಬೇಕು. ಸುತ್ತಲಿನ ಸಾಮಿಲ್ಲುಗಳ ಹೊಟ್ಟನ್ನೆಲ್ಲ ಬಳಿದು ತಂದರೂ ವರ್ಷಪೂರ್ತಿ ಅಷ್ಟು ಸಿಕ್ಕುವುದು ಕಷ್ಟ.

ಇನ್ನು ತೇವದ ಮಾತು. ಹಸಿ ಮರ ಕೊಯ್ದ ಹೊಟ್ಟಿನಲ್ಲಿ ಅರ್ಧದಷ್ಟು ನೀರೇ ಇರಬಹುದು. ಯಂತ್ರಕ್ಕೆ ಹಾಕುವಾಗ ತೇವ ನೂರಕ್ಕೆ ಹತ್ತರ ಆಸುಪಾಸಿಗೆ ಇಳಿದಿರಬೇಕು. ಅರ್ಧ ನೀರಿರುವ ಒಂದು ಟನ್ ಹೊಟ್ಟು ಆ ಹದಕ್ಕೆ ಬರುವಾಗ ಉಳಿಯುವುದು 555 ಕಿಲೋ ಮಾತ್ರ; ಉಳಿದದ್ದೆಲ್ಲ ನೀರು. ಆ ನೀರಿಗೆ ಲಾರಿ ಬಾಡಿಗೆ ಕೊಟ್ಟವರು ಉಳಿದಿಲ್ಲ. ನಮ್ಮ ಸೀಮೆಯ ಬಿಸಿಲು ಧಾರಾಳ, ಕಣದಲ್ಲಿ ತೆಳ್ಳಗೆ ಹರವಿ ಒಣಗಿಸಬಹುದು. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೆ: ಹಳ್ಳಿಯ ಮಟ್ಟದಲ್ಲಿ ಒಣಗಿಸಿ, ಒಟ್ಟು ಮಾಡಿ, ತೂಕಕ್ಕೆ ಮಾರಿರಿ. ಯಂತ್ರದ ಉಸಾಬರಿ ಬಂಡವಾಳವಿದ್ದವರಿಗಿರಲಿ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ದನಗಳ ಕೆಳಗೆ ಮರದ ಹೊಟ್ಟು ಹಾಸಿದರೆ ಗಂಜಲ ಹೀರುತ್ತದೆ, ಕೊಟ್ಟಿಗೆ ಬೆಚ್ಚಗಿರುತ್ತದೆ ಎಂದು ಒಂದು ಊರಿನಲ್ಲಿ ಹೇಳಿ ಬಂದೆ. ಮಳೆಗಾಲ. ಅವರು ತಂದದ್ದು ಹಸಿ ಹೊಟ್ಟು, ಬದಲಾಯಿಸಿದ್ದು ವಾರಕ್ಕೊಮ್ಮೆ. ಹದಿನೈದು ದಿನದೊಳಗೆ ಆ ಮನೆಯ ಮೂರು ಹಸುಗಳಿಗೆ ಕೆಚ್ಚಲು ಬಾವು. ಒಂದರ ಎರಡು ಮೊಲೆ ಬತ್ತಿಯೇ ಹೋದವು. ಆ ಮನೆಯ ಅಜ್ಜಿ ನನಗೆ ಬೈಯಲಿಲ್ಲ, ನೀರು ಕೊಟ್ಟು ಕೂರಿಸಿದರು. ಬೈದಿದ್ದರೇ ಸುಲಭವಿತ್ತು.

ಹಸಿ ಹೊಟ್ಟಿನಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ರೋಗಾಣು ಚೆನ್ನಾಗಿ ಬೆಳೆಯುತ್ತದೆ. ಹಾಲು ಕರೆದ ಮೇಲೆ ಸುಮಾರು ಅರ್ಧ ಗಂಟೆ ಮೊಲೆಯ ಬಾಯಿ ತೆರೆದೇ ಇರುತ್ತದೆ. ಆಗ ಹಸು ಮಲಗಿದರೆ ರೋಗಾಣುವಿಗೆ ಬಾಗಿಲು ತೆರೆದುಕೊಟ್ಟಂತೆ. ಆದ್ದರಿಂದ ಹಾಲು ಕರೆದ ಕೂಡಲೇ ಮೇವು ಹಾಕಿರಿ, ಹಸು ನಿಂತು ತಿನ್ನಲಿ. ಹೊಟ್ಟು ಹಾಸುವುದಾದರೆ ಪೂರ್ತಿ ಒಣಗಿದ್ದನ್ನು ಹಾಸಿ, ಒದ್ದೆಯಾದದ್ದನ್ನು ಅಂದಂದೇ ತೆಗೆಯಿರಿ. ಅಂಟು, ಬಣ್ಣ, ಔಷಧಿ ಸೇರಿದ ಪ್ಲೈವುಡ್ಡಿನ ಪುಡಿ ಕೊಟ್ಟಿಗೆಗೂ ಬೇಡ, ಅಡುಗೆ ಒಲೆಗೂ ಬೇಡ.

ಈಗ ಮುಖ್ಯ ವಿಷಯ. ಕಾರ್ಖಾನೆಗೆ ಮರದ ಹೊಟ್ಟು ಸಾಲದಾದಾಗ ಅವರು ಹೊಲದ ಕಡೆ ತಿರುಗುತ್ತಾರೆ. 2021ರ ಅಕ್ಟೋಬರಿನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯವು ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲಿನ ಜೊತೆ ಶೇ. 5ರಷ್ಟು ಕೃಷಿ ತ್ಯಾಜ್ಯದ ಗುಳಿಗೆ ಸುಡಬೇಕೆಂದು ನೀತಿ ಹೊರಡಿಸಿತು. ಬೇಡಿಕೆ ಹೆಚ್ಚುವುದೇ ಹೊರತು ಇಳಿಯುವುದಿಲ್ಲ.

ನಮ್ಮಲ್ಲಿ ಮಾತಿನದೇ ಒಂದು ತೊಡಕು. ಮರದ ಪುಡಿಗೂ ಹೊಟ್ಟು ಎನ್ನುತ್ತೇವೆ, ಕಾಯಿ ಬಿಡಿಸಿದ ಶೇಂಗಾ ಬಳ್ಳಿಗೂ ಹೊಟ್ಟು ಎನ್ನುತ್ತೇವೆ. ವ್ಯಾಪಾರಿ "ಶೇಂಗಾ ಹೊಟ್ಟು" ಎಂದಾಗ, ಮಿಲ್ಲಿನ ಸಿಪ್ಪೆಯೋ ಬಣವೆಯ ಬಳ್ಳಿಯೋ ಎಂದು ಬಾಯಿ ಬಿಟ್ಟು ಕೇಳಿರಿ. ಸಿಪ್ಪೆಯಲ್ಲಿ ಬರೀ ನಾರು, ದನಕ್ಕೆ ಅರಗದು. ಅದು ಬೆಂಕಿಗೇ ಲಾಯಕ್ಕು. ಬಳ್ಳಿಯಲ್ಲಿ ನೂರಕ್ಕೆ 8ರಿಂದ 12ರಷ್ಟು ಪ್ರೋಟೀನ್ ಇದೆ, ಜೋಳದ ಸೊಪ್ಪೆಯ ಎರಡು ಪಟ್ಟಿಗೂ ಹೆಚ್ಚು. ಅದನ್ನು ಸುಡಲು ಕೊಟ್ಟು, ಆ ದುಡ್ಡಿನಲ್ಲಿ ಪಶು ಆಹಾರ ಕೊಳ್ಳುವುದು ಯಾವ ಲೆಕ್ಕ?

ಹತ್ತಿ ಕಟ್ಟಿಗೆ ಕೊಡಿರಿ. ಹೊಲದಲ್ಲಿ ಬಿಟ್ಟರೆ ಗುಲಾಬಿ ಕಾಯಿಕೊರಕಕ್ಕೆ ಅದೇ ಆಸರೆ. ತೊಗರಿ ಕಟ್ಟಿಗೆ, ಸೂರ್ಯಕಾಂತಿ ದಂಟು, ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು, ಇವೂ ಹೋಗಲಿ. ಜೋಳದ ಸೊಪ್ಪೆ, ಶೇಂಗಾ ಬಳ್ಳಿ ಹೋಗಬಾರದು. ಹಡಗಲಿ, ಹರಪನಹಳ್ಳಿ ಕಡೆ ಹೇರಳವಾಗಿರುವ ಮೆಕ್ಕೆಜೋಳದ ದಂಟನ್ನು ದನ ತಿನ್ನುವುದಿಲ್ಲವೆಂದು ಸುಡುತ್ತಾರೆ, ಮಾರುತ್ತಾರೆ. ಕತ್ತರಿಸಿ ಹಾಕಿದರೆ ತಿನ್ನುತ್ತದೆ. 100 ಕಿಲೋ ಒಣ ದಂಟಿಗೆ 4 ಕಿಲೋ ಯೂರಿಯಾವನ್ನು 40ರಿಂದ 50 ಲೀಟರ್ ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಟ್ಟರೆ ಇನ್ನೂ ಚೆನ್ನಾಗಿ ಅರಗುತ್ತದೆ. ಆ ಯೂರಿಯಾ ನೀರನ್ನು ಮಾತ್ರ ದನಕ್ಕೆ ಸಿಗುವಂತೆ ಇಡಬೇಡಿರಿ, ಕುಡಿದರೆ ಸಾಯುತ್ತದೆ.

2023ರ ಬರ ನೆನಪಿದೆಯಲ್ಲ. ರಾಜ್ಯದ 223 ತಾಲ್ಲೂಕು ಬರಪೀಡಿತವೆಂದು ಘೋಷಣೆಯಾದವು. ಆಗ ಬಣವೆ ಇದ್ದವರು ದನ ಉಳಿಸಿಕೊಂಡರು. ಒಂದು ಹಸುವಿಗೆ ದಿನಕ್ಕೆ 6 ಕಿಲೋ ಒಣ ಮೇವು ಎಂದರೂ ವರ್ಷಕ್ಕೆ ಎರಡು ಟನ್ ದಾಟುತ್ತದೆ. ಲಾರಿಯವರ ಜೊತೆ ಮಾತು ಆಡುವ ಮೊದಲು, ಮನೆಯಲ್ಲಿರುವ ದನಗಳನ್ನು ಎಣಿಸಿ, ಎರಡು ಟನ್ನಿನಂತೆ ಗುಣಿಸಿ, ಬಣವೆಯ ಮುಂದೆ ನಿಂತು ನೋಡಿರಿ.

ಹೊಟ್ಟು ಮಾರುವವರು ಒಂದು ಕಿಲೋ ತೂಗಿ, ಮೂರು ದಿನ ಬಿಸಿಲಿಗೆ ಒಣಗಿಸಿ, ಮತ್ತೆ ತೂಗಿ, ಎರಡೂ ತೂಕ ಬರೆದುಕೊಂಡು ಮುಂದಿನ ತಿಂಗಳ ಸಭೆಗೆ ತನ್ನಿರಿ. ಎಷ್ಟು ನೀರು ಮಾರುತ್ತಿದ್ದೀರಿ, ಎಷ್ಟು ಹೊಟ್ಟು ಎಂದು ಕೂತು ಲೆಕ್ಕ ಹಾಕೋಣ.